ಕವಲೊಡೆದ ಕಥೆ ಮತ್ತೆ ಕೂಡುವ ಜಾಗ

ಮುಂದಿನ ಹೆಜ್ಜೆಯನ್ನು ಓದುಗರೇ ಆರಿಸಿಕೊಳ್ಳುವಂಥ ಕಥೆಗಳನ್ನು ಕನ್ನಡದಲ್ಲಿ ಬರೆಯಲು ನಾನು ಕೆಲವು ಕಾಲದಿಂದ ಕಲಿಯುತ್ತಿದ್ದೇನೆ. ಈ ಕಲಿಕೆಯಲ್ಲಿ ನನಗೆ ಮನವರಿಕೆಯಾದ ಮುಖ್ಯ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಕವಲುಗಳ ಸಂಖ್ಯೆಯಿಂದ ಇಂಥ ಕಥೆಯನ್ನು ಅಳೆಯಲಾಗದು. ಒಡೆದ ಕವಲುಗಳು ಎಲ್ಲಿ ಮತ್ತೆ ಕೂಡುತ್ತವೆ ಮತ್ತು ಕೂಡಿದ ಮೇಲೂ ಓದುಗರು ಬಂದ ದಾರಿಯನ್ನು ಕಥೆ ಎಷ್ಟರಮಟ್ಟಿಗೆ ನೆನಪಿಟ್ಟುಕೊಂಡಿರುತ್ತದೆ ಎಂಬುದನ್ನು ನೋಡಿದಾಗಲೇ ಅದರ ಗಟ್ಟಿತನ ತಿಳಿಯುತ್ತದೆ.

ನಾನೀಗ ಬರೆಯುತ್ತಿರುವ ಕಥೆ ಕಲಬುರಗಿಯ ಕಾಳಿನ ಮಾರುಕಟ್ಟೆಯಾದ ಗಂಜ್‌ನಲ್ಲಿ ನಡೆಯುತ್ತದೆ. ಜನವರಿ ತಿಂಗಳು, ತೊಗರಿಯ ರಾಶಿ ಮುಗಿದಿದೆ, ಆಳಂದ ಕಡೆಯ ಹಳ್ಳಿಯೊಂದರಿಂದ ಚೀಲಗಳನ್ನು ಹೇರಿಕೊಂಡು ಬಂದವರು ದಲಾಲಿ ವ್ಯಾಪಾರದ ಅಡತಿ ಅಂಗಡಿಯ ಮುಂದೆ ನಿಂತಿದ್ದಾರೆ. ಅವರ ಮುಂದಿರುವ ದಾರಿಗಳು ಮೂರು. ಬಿತ್ತನೆಯ ಕಾಲಕ್ಕೆ ಕೈಗಡ ಕೊಟ್ಟಿದ್ದ ಸಾವ್ಕಾರನಿಗೇ ಇವತ್ತಿನ ದರಕ್ಕೆ ಮಾರಿ ಹಣ ಎಣಿಸಿಕೊಳ್ಳಬಹುದು. ಸರ್ಕಾರದ ಖರೀದಿ ಕೇಂದ್ರಕ್ಕೆ ಒಯ್ದು ಬೆಂಬಲ ಬೆಲೆಗೆ ಕೊಡಬಹುದು. ಆದರೆ ಅಲ್ಲಿ ಮೊದಲೇ ನೋಂದಣಿ ಆಗಿರಬೇಕು, ಕಾಳಿನ ತೇವಾಂಶ ಶೇ 12ನ್ನು ಮೀರಿರಬಾರದು, ಹಣವೂ ಬ್ಯಾಂಕ್ ಖಾತೆಗೆ ತಡವಾಗಿ ಬರಬಹುದು. ಇಲ್ಲವೇ ಚೀಲಗಳನ್ನು ಊರಿಗೆ ಮರಳಿ ಒಯ್ದು ದರ ಏರುವವರೆಗೆ ಕಾಯಬಹುದು. 2024–25ರ ಹಂಗಾಮಿಗೆ ಕೇಂದ್ರ ಸರ್ಕಾರ ಘೋಷಿಸಿದ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ, 2025–26ಕ್ಕೆ 8,000 ರೂಪಾಯಿ. ಈ ಮೂರು ದಾರಿಗಳಲ್ಲಿ ಯಾವುದೂ ಸರಿಯುತ್ತರವಲ್ಲ. ಯಾವುದನ್ನು ಹಿಡಿದರೂ ಏನನ್ನೋ ಕಳೆದುಕೊಳ್ಳಬೇಕಾಗುತ್ತದೆ. ಈ ವಸ್ತುವನ್ನು ಆರಿಸಿಕೊಂಡದ್ದೇ ಅದಕ್ಕಾಗಿ. ಎಡಕ್ಕೆ ಹೋದರೆ ಹುಲಿ, ಬಲಕ್ಕೆ ಹೋದರೆ ನಿಧಿ ಎಂಬಂಥ ಆಯ್ಕೆಯಲ್ಲಿ ಓದುಗರು ಊಹಿಸುತ್ತಾರೆ, ಅಷ್ಟೆ. ಎರಡೂ ಕಡೆ ಏನಿದೆಯೆಂದು ಗೊತ್ತಿದ್ದೂ ಒಂದನ್ನು ಬಿಡಬೇಕಾಗಿ ಬಂದಾಗ ಮಾತ್ರ ಅವರು ನಿರ್ಧರಿಸುತ್ತಾರೆ.

ಕಲಿಯುವವರನ್ನು ಮೊದಲು ಹೆದರಿಸುವುದು ಲೆಕ್ಕ. ಪ್ರತಿ ಘಟ್ಟದಲ್ಲೂ ಎರಡೇ ಆಯ್ಕೆಗಳಿದ್ದು, ಯಾವ ಕವಲೂ ಇನ್ನೊಂದನ್ನು ಸೇರದೆ ಹತ್ತು ಸಲ ಒಡೆದರೆ 1,024 ಮುಕ್ತಾಯಗಳಾಗುತ್ತವೆ. ಮೊದಲಿನಿಂದ ಕೊನೆಯವರೆಗಿನ ಎಲ್ಲ ತುಣುಕುಗಳನ್ನು ಕೂಡಿಸಿದರೆ 2,047. ಓದುವವರು ಒಂದು ಸರದಿಯಲ್ಲಿ ಕಾಣುವುದು ಅದರಲ್ಲಿ ಹನ್ನೊಂದನ್ನು ಮಾತ್ರ. ಅದೇ ಹತ್ತು ಆಯ್ಕೆಗಳು ಒಡೆದ ಕೂಡಲೇ ಮುಂದಿನ ಘಟ್ಟದಲ್ಲಿ ಕೂಡುವಂತೆ ಕಟ್ಟಿದರೆ ಮೂವತ್ತೊಂದು ತುಣುಕುಗಳಲ್ಲಿ ಕಥೆ ಮುಗಿಯುತ್ತದೆ. ಎರಡು ಸಾವಿರಕ್ಕೂ ಮೂವತ್ತೊಂದಕ್ಕೂ ನಡುವಿನ ಈ ಅಂತರದಲ್ಲೇ ಈ ಬರವಣಿಗೆಯ ಕಸುಬೆಲ್ಲ ಅಡಗಿದೆ. ಪೂರ್ತಿ ಒಡೆಯುತ್ತ ಹೋದರೆ ಪ್ರತಿ ಕವಲೂ ತೆಳ್ಳಗಾಗುತ್ತದೆ. ಪೂರ್ತಿ ಕೂಡಿಸುತ್ತ ಹೋದರೆ ತಾವು ಏನನ್ನು ಆರಿಸಿದರೂ ಒಂದೇ ಎಂದು ಓದುಗರಿಗೆ ಬೇಗನೆ ತಿಳಿದುಬಿಡುತ್ತದೆ.

ಇದಕ್ಕೊಂದು ಚರಿತ್ರೆ ಇದೆ. ಫ್ರೆಂಚ್ ಲೇಖಕ ರೇಮಂ ಕ್ವೆನೋ 1967ರಲ್ಲಿ ಇಪ್ಪತ್ತೊಂದು ತುಣುಕುಗಳ ಪುಟ್ಟ ಕಥೆಯೊಂದನ್ನು ಬರೆದ. ಮೂರು ಬಟಾಣಿ ಕಾಳುಗಳ ಕಥೆ ಕೇಳುವಿರಾ ಎಂದು ಅದು ಓದುಗರನ್ನು ಕೇಳುತ್ತದೆ, ಬೇಡವೆಂದರೆ ಬೇರೆ ತುಣುಕಿಗೆ ಕಳಿಸುತ್ತದೆ. ಅಮೆರಿಕದ ಎಡ್ವರ್ಡ್ ಪ್ಯಾಕರ್ಡ್ ಮಕ್ಕಳಿಗಾಗಿ ಬರೆದ, ಪುಟ ತಿರುವಿ ದಾರಿ ಆರಿಸುವ ಪುಸ್ತಕಗಳು 1979ರಿಂದ ಜನಪ್ರಿಯವಾದವು. ಅವರ ಮೊದಲ ಪುಸ್ತಕಗಳ ರಚನೆ ಬಹುಮಟ್ಟಿಗೆ ನಾನು ಹೇಳಿದ ಮೊದಲ ಬಗೆಯದು: ಒಡೆಯುತ್ತಲೇ ಹೋಗುವುದು, ಬೇಗ ಬೇಗ ಮುಗಿಯುವುದು. ಸ್ಯಾಮ್ ಕಾಬೊ ಆಶ್ವೆಲ್ ಎಂಬುವರು 2015ರಲ್ಲಿ ಇಂಥ ಅನೇಕ ಕಥೆಗಳ ನಕ್ಷೆಗಳನ್ನು ಹೋಲಿಸಿ ಅವುಗಳ ಸಾಮಾನ್ಯ ವಿನ್ಯಾಸಗಳನ್ನು ಹೆಸರಿಟ್ಟು ವಿಂಗಡಿಸಿದರು. ಒಡೆಯುತ್ತಲೇ ಹೋಗುವ ಗುಹೆ, ಒಂದೇ ಹೆದ್ದಾರಿಯ ಅಕ್ಕಪಕ್ಕದಲ್ಲಿ ಸಾವುಗಳನ್ನಿಟ್ಟ ಓಣಿ, ಒಡೆದು ಮತ್ತೆ ಇಕ್ಕಟ್ಟಿನ ಬಾಗಿಲಲ್ಲಿ ಕೂಡುವ ರಚನೆ, ಒಂದೇ ಸುತ್ತನ್ನು ಮತ್ತೆ ಮತ್ತೆ ಸುತ್ತುತ್ತ ಪ್ರತಿ ಸುತ್ತಿಗೂ ಏನನ್ನೋ ಹೊಸದಾಗಿ ಪಡೆಯುವ ರಚನೆ: ಹೀಗೆ. ಈ ವಿಂಗಡಣೆಯನ್ನು ಓದಿದ ಮೇಲೆ ನಾನು ಕೇಳಿ ಬೆಳೆದ ಕಥೆಗಳನ್ನೂ ನಕ್ಷೆಯಾಗಿ ಬರೆದು ನೋಡುವುದು ನನಗೆ ರೂಢಿಯಾಯಿತು. ಕಥನದ ರಚನೆಯನ್ನು ಬಿಡಿಸಿ ನೋಡುವ ಕಲೆ ನನಗೆ ದಕ್ಕಿದ್ದು ಹೆಚ್ಚಾಗಿ ಈ ಅಭ್ಯಾಸದಿಂದಲೇ.

ಬೇತಾಳನ ಕಥೆಗಳನ್ನು ನಕ್ಷೆಯಲ್ಲಿಟ್ಟು ನೋಡಿದರೆ ಅವುಗಳ ಬುದ್ಧಿವಂತಿಕೆ ಬೆರಗು ಹುಟ್ಟಿಸುತ್ತದೆ. ರಾಜ ಮರದಿಂದ ಹೆಣವನ್ನು ಇಳಿಸಿ ಹೆಗಲ ಮೇಲೆ ಹೊತ್ತು ನಡೆಯುತ್ತಾನೆ. ಮಾತಾಡದೆ ಸಾಗಿದರೆ ಕೆಲಸ ಆಗುತ್ತದೆ. ಹೆಣದೊಳಗಿನ ಬೇತಾಳ ಒಂದು ಕಥೆ ಹೇಳಿ, ಕೊನೆಯಲ್ಲಿ ಪ್ರಶ್ನೆ ಕೇಳುತ್ತದೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಾವಿರ ಹೋಳಾಗುತ್ತದೆ; ಹೇಳಿದರೆ ಮೌನ ಮುರಿದಂತಾಗಿ ಬೇತಾಳ ಮರಳಿ ಮರಕ್ಕೆ ಹಾರುತ್ತದೆ. ಮೇಲ್ನೋಟಕ್ಕೆ ಪ್ರತಿ ಕಥೆಯ ಕೊನೆಗೂ ಮಾತು ಮತ್ತು ಮೌನ ಎಂಬ ಎರಡು ಕವಲುಗಳಿವೆ. ನಕ್ಷೆ ಬರೆದರೆ ಮೌನದ ಕವಲಿನ ತುದಿಯಲ್ಲಿ ಸಾವಿದೆ, ಮಾತಿನ ಕವಲು ಆರಂಭಕ್ಕೇ ಬಂದು ಕೂಡುತ್ತದೆ. ಅಂದರೆ ಇದು ಸುತ್ತು. ಆ ಸುತ್ತಿನಿಂದ ಹೊರಬೀಳಲು ಬಾಗಿಲೊಂದನ್ನು ನಿಯಮದೊಳಗೇ ಇಡಲಾಗಿದೆ: ರಾಜನಿಗೆ ನಿಜವಾಗಿಯೂ ಉತ್ತರ ತಿಳಿಯದಿದ್ದರೆ ಅವನು ಸುಮ್ಮನಿರಬಹುದು, ತಲೆಯೂ ಉಳಿಯುತ್ತದೆ. ಕೊನೆಯ ಒಗಟಿನಲ್ಲಿ ತಂದೆ ಮತ್ತು ಮಗ ಕಾಡಿನಲ್ಲಿ ಇಬ್ಬರು ಹೆಂಗಸರ ಹೆಜ್ಜೆ ಗುರುತು ಕಂಡು, ದೊಡ್ಡ ಹೆಜ್ಜೆಯವಳನ್ನು ತಂದೆಯೂ ಚಿಕ್ಕ ಹೆಜ್ಜೆಯವಳನ್ನು ಮಗನೂ ಮದುವೆಯಾಗುವುದೆಂದು ಒಪ್ಪಿಕೊಳ್ಳುತ್ತಾರೆ. ದೊಡ್ಡ ಹೆಜ್ಜೆ ಮಗಳದಾಗಿ, ಚಿಕ್ಕದು ತಾಯಿಯದಾಗಿರುತ್ತದೆ. ಇವರಿಗೆ ಹುಟ್ಟಿದ ಮಕ್ಕಳು ಒಬ್ಬರಿಗೊಬ್ಬರು ಏನಾಗಬೇಕು ಎಂಬುದೇ ಪ್ರಶ್ನೆ. ರಾಜನಿಗೆ ಉತ್ತರ ಹೊಳೆಯುವುದಿಲ್ಲ. ಅವನು ನಡೆಯುತ್ತಲೇ ಇರುತ್ತಾನೆ, ಸುತ್ತು ಮುರಿಯುತ್ತದೆ. ಅಷ್ಟೂ ಹೊತ್ತು ಬೆಳೆದದ್ದು ರಾಜನ ಜಾಣತನವಷ್ಟೇ ಅಲ್ಲ, ಅವನ ಮೇಲೆ ಬೇತಾಳಕ್ಕಿದ್ದ ಗೌರವವೂ ಹೌದು. ಕೊನೆಗೆ ಅವನ ಪ್ರಾಣ ಉಳಿಸುವ ಉಪಾಯವನ್ನು ಅದೇ ಹೇಳಿಕೊಡುತ್ತದೆ. ಸುತ್ತಿ ಸುತ್ತಿ ಅಲ್ಲಿಗೇ ಬಂದರೂ ಬೇತಾಳ ಹಿಂದಿನ ಸುತ್ತುಗಳನ್ನು ಮರೆತಿರುವುದಿಲ್ಲ. ಕೂಡುವ ಜಾಗದಲ್ಲಿ ನೆನಪು ಇರಬೇಕು ಎಂದು ನಾನು ಹೇಳುವುದು ಇದನ್ನೇ.

ನಮ್ಮ ಆಯಿ, ಅಂದರೆ ಅಜ್ಜಿ, ಹೇಳುತ್ತಿದ್ದ ಕಥೆಗಳನ್ನು ಬಿಡಿಸಲು ಬೇರೆ ಸಾಧನ ಬೇಕಾಯಿತು. ರಷ್ಯದ ವ್ಲಾದಿಮಿರ್ ಪ್ರಾಪ್ 1928ರಲ್ಲಿ ನೂರು ಜನಪದ ಕಥೆಗಳನ್ನು ಪರಿಶೀಲಿಸಿ, ಪಾತ್ರಗಳು ಎಷ್ಟೇ ಬದಲಾದರೂ ಅವು ಮಾಡುವ ಕೆಲಸಗಳು 31ನ್ನು ಮೀರುವುದಿಲ್ಲ, ಅವುಗಳ ಅನುಕ್ರಮವೂ ಬದಲಾಗುವುದಿಲ್ಲ ಎಂದು ತೋರಿಸಿಕೊಟ್ಟ. ಆ ಪಟ್ಟಿಯ ಕೊನೆಯ ಕೆಲಸ ಮದುವೆ: ನಾಯಕ ಮದುವೆಯಾಗುತ್ತಾನೆ, ಪಟ್ಟಕ್ಕೇರುತ್ತಾನೆ. ಆಯಿಯ ಕಥೆಗಳನ್ನು ಈ ಪಟ್ಟಿಗೆ ಹೊಂದಿಸಲು ಕೂತರೆ ಹಲವು ಕಥೆಗಳಲ್ಲಿ ಮದುವೆ ಆರಂಭದಲ್ಲೇ ಆಗಿಹೋಗುತ್ತದೆ. ಕಷ್ಟಗಳೆಲ್ಲ ಹುಟ್ಟುವುದೇ ಅದರ ನಂತರ. ಎ.ಕೆ. ರಾಮಾನುಜನ್ ಕನ್ನಡದ ಹೆಣ್ಣುಮಕ್ಕಳ ಕಥೆಗಳ ಬಗ್ಗೆ ಇದನ್ನು ಬಹಳ ಹಿಂದೆಯೇ ಗುರುತಿಸಿದ್ದರು: ಗಂಡಸಿನ ಕಥೆ ಮದುವೆಯಲ್ಲಿ ಮುಗಿಯುವಲ್ಲಿ ಹೆಂಗಸಿನ ಕಥೆ ಮದುವೆಯಿಂದ ಶುರುವಾಗುತ್ತದೆ, ಮತ್ತು ಅವಳು ತನ್ನ ಕಥೆಯನ್ನು ತಾನೇ ಹೇಳಿ ಕೇಳುವವರು ಸಿಕ್ಕಾಗ ಅವಳ ಬದುಕು ತಿರುಗಿ ನಿಲ್ಲುತ್ತದೆ. ಈ ಒಳನೋಟ ನನ್ನ ಗಂಜ್‌ನ ಕಥೆಯ ಆರಂಭವನ್ನೇ ನಿರ್ಣಯಿಸಿತು. ಬೇಸಾಯದ ಕಥೆಗಳು ಸಾಮಾನ್ಯವಾಗಿ ಮಳೆಗಾಗಿ ಕಾಯುವುದರಿಂದ ತೊಡಗಿ ರಾಶಿಯಲ್ಲಿ ಮುಗಿಯುತ್ತವೆ. ಜೂನ್, ಜುಲೈನಲ್ಲಿ ಬಿತ್ತಿ, ನೆಟೆ ರೋಗವನ್ನೂ ಕಾಯಿಕೊರಕವನ್ನೂ ದಾಟಿಸಿ ಬೆಳೆದವರಿಗೆ ನಿಜವಾದ ತೊಡಕು ಎದುರಾಗುವುದು ಚೀಲದ ಬಾಯಿ ಹೊಲಿದ ಮೇಲೆ ಎಂದು ನಮ್ಮ ಭಾಗದವರಿಗೆಲ್ಲ ಗೊತ್ತಿದೆ. ಹಾಗಾಗಿ ಕಥೆಯನ್ನು ಅಲ್ಲಿಂದಲೇ ಎತ್ತಿಕೊಂಡೆ.

ಒಂದು ಕಥೆಯಲ್ಲಿ ಘಟನೆಗಳು ನಡೆದ ಕ್ರಮ ಬೇರೆ, ಅವುಗಳನ್ನು ಹೇಳುವ ಕ್ರಮ ಬೇರೆ ಎಂಬ ಭೇದವೂ ಈ ಬರವಣಿಗೆಗೆ ಬಹಳ ಮುಖ್ಯ. ಇದಕ್ಕೆ ನಮ್ಮ ಸೀಮೆಯಲ್ಲೇ ದೊಡ್ಡ ನಿದರ್ಶನವಿದೆ. ಕಲ್ಯಾಣದ ಶರಣರು ಹನ್ನೆರಡನೆಯ ಶತಮಾನದಲ್ಲಿ ಬಿಡಿಬಿಡಿಯಾಗಿ ಹೇಳಿದ ವಚನಗಳನ್ನು ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಸಂವಾದವಾಗಿ ಜೋಡಿಸಿ ಶೂನ್ಯಸಂಪಾದನೆಯನ್ನು ಕಟ್ಟಿದ. ಒಬ್ಬರ ವಚನ ಪ್ರಶ್ನೆಯಾಯಿತು, ಇನ್ನೊಬ್ಬರದು ಉತ್ತರವಾಯಿತು, ನಡುವೆ ಸಣ್ಣ ಗದ್ಯದ ಸೇತುವೆಗಳು ಬಂದವು. ಅವನ ನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಮತ್ತೆ ಮೂರು ಬಗೆಯಲ್ಲಿ ಜೋಡಿಸಿದರು. ಬಿಡಿ ವಚನವನ್ನು ಓದುವಾಗ ಕೇಳುವ ದನಿ ಒಂದು. ಅಲ್ಲಮನ ಕಠಿಣವಾದ ಮಾತೊಂದರ ಬೆನ್ನಿಗೆ ಅದೇ ವಚನ ಬಂದಾಗ ಕೇಳುವ ದನಿ ಇನ್ನೊಂದು. ಕವಲುಗಳ ಕಥೆ ಬರೆಯುವವರು ಇದನ್ನು ಸದಾ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಏಕೆಂದರೆ ಇಲ್ಲಿನ ಪ್ರತಿ ತುಣುಕನ್ನೂ ಓದುಗರು ಬೇರೆ ಬೇರೆ ತುಣುಕುಗಳಿಂದ ಬಂದು ತಲುಪುತ್ತಾರೆ, ಮತ್ತು ಹಿಂದೆ ಏನು ಓದಿದ್ದಾರೆ ಎಂಬುದರ ಮೇಲೆ ಅದೇ ವಾಕ್ಯ ಸಮಾಧಾನದಂತೆಯೂ ಕೇಳಿಸಬಹುದು, ಚುಚ್ಚುಮಾತಿನಂತೆಯೂ ಕೇಳಿಸಬಹುದು.

ಫ್ರಾನ್ಸಿನ ಜೆರಾರ್ ಜೆನೆಟ್ 1972ರಲ್ಲಿ ಕಥನದ ಕಾಲವನ್ನು ಕ್ರಮ, ಅವಧಿ, ಆವರ್ತನ ಎಂದು ಮೂರಾಗಿ ಬಿಡಿಸಿದ್ದರಲ್ಲಿ ನನಗೆ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು ಅವಧಿ. ಆರು ತಿಂಗಳನ್ನು ಒಂದು ಸಾಲಿನಲ್ಲಿ ದಾಟಿಸುವ ಕಡೆ ಆಯ್ಕೆಯನ್ನಿಟ್ಟರೆ ಅದು ಅರ್ಜಿಯಲ್ಲಿ ಗುರುತು ಹಾಕಿದಂತಾಗುತ್ತದೆ. ಕಾಲ ನಿಧಾನವಾಗಿ, ಕಥೆಯ ನಿಮಿಷವೂ ಓದಿನ ನಿಮಿಷವೂ ಹೆಚ್ಚುಕಡಿಮೆ ಒಂದಾದ ಕಡೆ ಆಯ್ಕೆ ಬರಬೇಕು. ನನ್ನ ಕಥೆಯಲ್ಲಿ ಮೊದಲ ಆಯ್ಕೆ ಬರುವುದು ಇಲ್ಲಿ:

ಸಾವ್ಕಾರ ಚೀಲದ ಬಾಯಿ ಬಿಚ್ಚಿ, ಮೊಣಕೈವರೆಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ತೊಗರಿ ತೆಗೆಯುತ್ತಾನೆ. ಅಂಗೈ ಮೇಲೆ ಹರಡಿ ಊದುತ್ತಾನೆ, ಹೊಟ್ಟು ಹಾರುತ್ತದೆ. ಒಂದು ಕಾಳನ್ನು ಹಲ್ಲಿಗೆ ಕೊಟ್ಟು ಕಡಿಯುತ್ತಾನೆ. ಅದು ಟಕ್ಕೆಂದು ಒಡೆಯುವುದಿಲ್ಲ. “ಹಸಿ ಅದ. ಒಣಗಿಸಿ ತಂದಿದ್ರ ನಾ ಇನ್ನಷ್ಟು ಹಾಕ್ತಿದ್ದೆ. ಇವತ್ತ ಕೊಟ್ಟು ಹೋಗ್ರಿ, ನಾಳಿ ರೇಟ್ ಇಳದ್ರ ನನ್ನ ಕೇಳಬ್ಯಾಡ್ರಿ.” ಹಿಂದೆ ಹಮಾಲರು ಚೀಲ ಎತ್ತಲು ಸಿದ್ಧರಾಗಿ ನಿಂತಿದ್ದಾರೆ.

ಈಗ ಓದುಗರು ಉತ್ತರಿಸಬೇಕು. ಕಾಳು ಒಣಗಿದೆಯೆಂದು ವಾದಿಸಬಹುದು, ಬೇರೆ ಅಂಗಡಿಯಲ್ಲಿ ಕೇಳಿ ಬರುತ್ತೇನೆ ಎನ್ನಬಹುದು, ಕೈಗಡದ ಮಾತನ್ನು ತಾವೇ ಎತ್ತಬಹುದು. ಈ ಮೂರು ಉತ್ತರಗಳೂ ಬಂದು ಕೂಡುವುದು ಒಂದೇ ಜಾಗದಲ್ಲಿ, ಅಂದರೆ ತೂಕದ ಕಟ್ಟೆಯ ಬಳಿ. ಆದರೆ ಅಲ್ಲಿ ಸಾವ್ಕಾರ ಆಡುವ ಮಾತು, ಅವರು ಹಿಂದೆ ಏನು ಹೇಳಿದ್ದರು ಎಂಬುದರ ಮೇಲೆ ಬದಲಾಗುತ್ತದೆ.

ನಾನು ಬಳಸುವುದು ಟ್ವೈನ್ ಎಂಬ ಉಚಿತ, ಮುಕ್ತ ತಂತ್ರಾಂಶವನ್ನು. ಕ್ರಿಸ್ ಕ್ಲಿಮಾಸ್ ಅದನ್ನು 2009ರಲ್ಲಿ ಹೊರತಂದರು. ಪ್ರತಿ ತುಣುಕು ಪರದೆಯ ಮೇಲೆ ಒಂದು ಚೌಕ. ಜೋಡಿ ಚೌಕಾವರಣದೊಳಗೆ ಬರೆದ ಮಾತು ಲಿಂಕ್ ಆಗಿ, ಒಂದು ಚೌಕದಿಂದ ಇನ್ನೊಂದಕ್ಕೆ ಬಾಣ ಮೂಡುತ್ತದೆ. ಬರೆಯುತ್ತಲೇ ನಕ್ಷೆ ಕಣ್ಣೆದುರಿಗೆ ಬೆಳೆಯುವುದರಿಂದ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಮುಗಿದ ಕಥೆ ಒಂದೇ ಎಚ್‌ಟಿಎಂಎಲ್ ಕಡತವಾಗಿ ಹೊರಬರುತ್ತದೆ, ಬ್ರೌಸರ್ ಇದ್ದಲ್ಲಿ ತೆರೆಯುತ್ತದೆ. ಕೇಂಬ್ರಿಡ್ಜ್‌ನ ಇಂಕಲ್ ಸಂಸ್ಥೆ 2016ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಇಂಕ್ ಎಂಬ ಬರವಣಿಗೆಯ ಭಾಷೆಯನ್ನೂ ಅಭ್ಯಾಸ ಮಾಡುತ್ತಿದ್ದೇನೆ. ಅದರಲ್ಲಿ ಒಡೆದ ಕವಲುಗಳನ್ನು ಕೂಡಿಸಲು ಸಾಲಿನ ಆರಂಭದಲ್ಲಿ ಒಂದು ಅಡ್ಡಗೆರೆ ಹಾಕಿದರೆ ಸಾಕು. ಯಾವ ಘಟ್ಟಕ್ಕೆ ಎಷ್ಟು ಸಲ ಬಂದಿದ್ದಾರೆ ಎಂಬ ಲೆಕ್ಕವನ್ನು ಅದು ತಾನಾಗಿಯೇ ಇಟ್ಟುಕೊಳ್ಳುತ್ತದೆ. ಕೂಡುವಿಕೆಯನ್ನೂ ನೆನಪನ್ನೂ ಭಾಷೆಯ ಅಡಿಪಾಯದಲ್ಲೇ ಇಟ್ಟಿರುವುದನ್ನು ಕಂಡಾಗ ನನ್ನ ನಂಬಿಕೆಗೆ ಬಲ ಬಂದಿತು.

ಕನ್ನಡದಲ್ಲಿ ಬರೆಯುವಾಗ ಮಾತ್ರ ಎದುರಾಗುವ ಸಮಸ್ಯೆಗಳಿಗೆ ಈ ಉಪಕರಣಗಳ ಕೈಪಿಡಿಗಳಲ್ಲಿ ಉತ್ತರ ಸಿಗುವುದಿಲ್ಲ. ಓದುಗರ ಹೆಸರನ್ನು ಕೇಳಿ ಅದನ್ನು ಕಥೆಯುದ್ದಕ್ಕೂ ಬಳಸುವುದು ಇಂಗ್ಲಿಷಿನಲ್ಲಿ ಸುಲಭ, ಏಕೆಂದರೆ ಅಲ್ಲಿ ಹೆಸರಿನ ರೂಪ ಅಷ್ಟಾಗಿ ಬದಲಾಗುವುದಿಲ್ಲ. ನಮ್ಮಲ್ಲಿ ಶರಣಪ್ಪ ಶರಣಪ್ಪನಿಗೆ ಆಗುತ್ತಾನೆ, ಗೌರಿ ಗೌರಿಗೆ ಆಗುತ್ತಾಳೆ, ರಾಜು ರಾಜುವಿಗೆ ಆಗುತ್ತಾನೆ. ಹೆಸರಿನ ಮುಂದೆ ಯಂತ್ರ ಕಣ್ಣುಮುಚ್ಚಿ ಒಂದೇ ಪ್ರತ್ಯಯ ಅಂಟಿಸಿದರೆ ‘ಗೌರಿನಿಗೆ’ ಎಂದಾಗಿ ಇಡೀ ವಾಕ್ಯದ ಮಾನ ಹೋಗುತ್ತದೆ. ನಾನು ಕಂಡುಕೊಂಡ ದಾರಿಯೆಂದರೆ, ಹೆಸರನ್ನು ಟೈಪ್ ಮಾಡಿಸದೆ ಕೆಲವು ಹೆಸರುಗಳಲ್ಲಿ ಒಂದನ್ನು ಆರಿಸಲು ಕೊಟ್ಟು, ಪ್ರತಿ ಹೆಸರಿನ ಜೊತೆಗೆ ಅದರ ವಿಭಕ್ತಿ ರೂಪಗಳನ್ನೂ ಮೊದಲೇ ಬರೆದಿಡುವುದು.

ಲಿಂಗದ ವಿಷಯದಲ್ಲಿ ಕನ್ನಡ ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಕಿತ್ತುಕೊಳ್ಳುತ್ತದೆ. ‘ನೀನು ಬಂದೆ’, ‘ನೀವು ನಿಂತಿರಿ’ ಎನ್ನುವಾಗ ಬಂದವರು ಗಂಡೋ ಹೆಣ್ಣೋ ಹೇಳಬೇಕಿಲ್ಲ. ಮಧ್ಯಮ ಪುರುಷದಲ್ಲಿ ಇಡೀ ಕಥೆಯನ್ನು ಹಾಗೆಯೇ ನಡೆಸಿಬಿಡಬಹುದು. ಆದರೆ ಗಂಜ್‌ನಲ್ಲಿ ಪರಿಚಯದ ಸಾವ್ಕಾರ ಯಾರನ್ನೂ ಬರೀ ‘ನೀವು’ ಎಂದು ಮಾತಾಡಿಸುವುದಿಲ್ಲ. ತಮ್ಮಾ ಎನ್ನುತ್ತಾನೆ, ಇಲ್ಲವೇ ಯವ್ವಾ ಎನ್ನುತ್ತಾನೆ. ಈ ಕರೆಯನ್ನು ಬಿಟ್ಟು ಬರೆದರೆ ಸಾವ್ಕಾರ ನಮ್ಮೂರಿನವನೇ ಅಲ್ಲ ಎನಿಸುತ್ತದೆ. ಹಾಗಾಗಿ ಕಥೆಯ ಮೊದಲ ಪರದೆಯಲ್ಲೇ ಮನೆಯ ಮಗನೋ ಮಗಳೋ ಎಂದು ಕೇಳಿಬಿಡುತ್ತೇನೆ, ಮತ್ತು ಆ ಉತ್ತರವನ್ನು ಕರೆಯುವ ಮಾತಿಗಷ್ಟೇ ಸೀಮಿತವಾಗಿಡುವುದಿಲ್ಲ. ಮಗಳಾಗಿ ಬಂದವರಿಗೆ ದರದ ಮಾತಿಗೂ ಮೊದಲು ಬರುವ ಪ್ರಶ್ನೆ, “ಮನ್ಯಾಗ ಗಂಡಸ್ರು ಯಾರೂ ಬಂದಿಲ್ಲೇನವ್ವಾ?” ಎಂಬುದು. ಅದಕ್ಕೆ ಹೇಗೆ ಉತ್ತರಿಸುತ್ತಾರೆ ಎಂಬುದು ಮಗನ ದಾರಿಯಲ್ಲಿ ಇಲ್ಲವೇ ಇಲ್ಲದ ಒಂದು ಕವಲು. ಅಲ್ಲಿ ಖಡಾಖಂಡಿತವಾಗಿ ಮಾತಾಡಿದವರಿಗೆ ತೂಕದ ಕಟ್ಟೆಯ ಬಳಿ ಸಾವ್ಕಾರನ ದನಿ ಬೇರೆಯಾಗಿರುತ್ತದೆ.

ಇಷ್ಟೆಲ್ಲ ಆದ ಮೇಲೆ ಕಥೆಯ ಕೊನೆಯ ದೃಶ್ಯ ಎಲ್ಲರಿಗೂ ಒಂದೇ. ಸಂಜೆ, ಮನೆಯ ಪಡಸಾಲೆ, “ಎಷ್ಟಕ್ಕ ಹೋಯ್ತು?” ಎಂದು ಕೇಳುವ ಆಯಿ. ಆ ದೃಶ್ಯಕ್ಕೆ ಬರುವಾಗ ಕಥೆ ಮೂರು ಸಂಗತಿಗಳನ್ನು ನೆನಪಿಟ್ಟುಕೊಂಡಿರುತ್ತದೆ: ಕೈಗಡ ತೀರಿತೋ ಇಲ್ಲವೋ, ಸಾವ್ಕಾರನ ಸಂಬಂಧ ಉಳಿಯಿತೋ ಮುರಿಯಿತೋ, ಮುಂದಿನ ಮುಂಗಾರಿಗೆ ಬೇಕಾದ ಬೀಜದ ತೊಗರಿಯನ್ನು ತೆಗೆದಿಟ್ಟರೋ ಅದನ್ನೂ ಮಾರಿದರೋ. ಹೌದು, ಇಲ್ಲಗಳ ಈ ಮೂರು ನೆನಪುಗಳಿಂದ ಎಂಟು ಸ್ಥಿತಿಗಳಾಗುತ್ತವೆ. ಸಾವಿರದಿಪ್ಪತ್ನಾಲ್ಕು ಮುಕ್ತಾಯಗಳನ್ನು ಯಾರಿಂದಲೂ ಮನಸ್ಸಿಟ್ಟು ಬರೆಯಲಾಗದು. ಎಂಟನ್ನು ಬರೆಯಬಹುದು, ಪ್ರತಿಯೊಂದನ್ನೂ ಗಟ್ಟಿಯಾಗಿ ಓದಿ ತಿದ್ದಬಹುದು. ಎಂಟರಲ್ಲೂ ಆಯಿಯ ಪ್ರಶ್ನೆ ಒಂದೇ, ಪಡಸಾಲೆ ಒಂದೇ, ಆದರೆ ಉತ್ತರವಾಗಿ ಓದುಗರಿಗೆ ಸಿಗುವ ಆಯ್ಕೆಗಳು ಬೇರೆ ಬೇರೆ.

ಆರು ಸ್ಥಿತಿಗಳ ಬರವಣಿಗೆ ಮುಗಿದಿದೆ. ಉಳಿದ ಎರಡರಲ್ಲಿ ಒಂದು ಎಲ್ಲವೂ ಸರಿಹೋದ ದಾರಿ, ಅದು ಕಷ್ಟವಿಲ್ಲ. ಇನ್ನೊಂದರಲ್ಲಿ ಕೈಗಡ ಉಳಿದಿದೆ, ಸಂಬಂಧ ಮುರಿದಿದೆ, ಬೀಜವೂ ಹೋಗಿದೆ. ಅಲ್ಲಿಗೆ ತಲುಪಿದವರ ಮುಂದೆ ನಿಜ ಹೇಳುವುದು, ಸುಳ್ಳು ಹೇಳುವುದು ಎಂಬ ಎರಡೇ ಆಯ್ಕೆಗಳನ್ನಿಟ್ಟರೆ ಅದು ಬೇತಾಳನ ನಿಯಮದಂತಾಗುತ್ತದೆ, ಯಾವ ಕಡೆ ಹೋದರೂ ಸೋಲೇ. ಬೆಳಿಗ್ಗೆಯಿಂದ ನಡೆದದ್ದನ್ನೆಲ್ಲ ಆಯಿಗೆ ಮೊದಲಿನಿಂದ ಹೇಳುತ್ತ ಹೋಗುವ ಮೂರನೆಯ ಆಯ್ಕೆಯೊಂದನ್ನು ಅಲ್ಲಿ ಸೇರಿಸುತ್ತಿದ್ದೇನೆ. ಓದುಗರು ಹಿಡಿದು ಬಂದ ದಾರಿಯ ತುಣುಕುಗಳನ್ನೇ ಆಗ ಕಥೆ ಹೆಕ್ಕಿ, ಅವರ ಬಾಯಿಯ ಮಾತಾಗಿ ಜೋಡಿಸಿ ಕೊಡಬೇಕು, ಮತ್ತು ಆಯಿ ನಡುನಡುವೆ ಕೇಳುವ ಪ್ರಶ್ನೆಗಳು ಪ್ರತಿ ದಾರಿಗೂ ಹೊಂದಬೇಕು. ಆ ಪ್ರಶ್ನೆಗಳನ್ನು ಬರೆಯುವ ಕೆಲಸ ಈಗ ನಡೆದಿದೆ.